ಗಾಡಿ ಮಾತು ರೇಡಿಯೋಕ್ಕೆ ಹೋದದ್ದು

ನಮ್ಮ ಸೋದರಮಾವ ಚಿನ್ನಪ್ಪನಿಗೆ ಸನ್ಮಾನ ಮಾಡುತ್ತೇವೆ ಎಂದು ಹೊಸೂರಿನ ಕನ್ನಡ ಸಂಘದ ಕಾರ್ಯದರ್ಶಿ ಜಗನ್ ಮನೆಗೆ ಬಂದಿದ್ದ. ಸ್ಮರಣ ಸಂಚಿಕೆಗೆ ಮಾವನ ಬಗ್ಗೆ ಒಂದು ಪುಟ ಬರೆದುಕೊಡಿ ಅಕ್ಕ ಎಂದ. ಬರೆದುಕೊಟ್ಟೆ. ರೇಡಿಯೋದ ಮೊದಮೊದಲ ದಿನಗಳಲ್ಲಿ ಮನೆಮನೆಯನ್ನೂ ನಗಿಸಿದ ನಮ್ಮ ನೆಲದ ಕಲಾವಿದ ಎಂದೆಲ್ಲ ಇತ್ತು ಅದರಲ್ಲಿ. ಸುಳ್ಳೇನೂ ಇರಲಿಲ್ಲ, ಆದರೆ ನಿಜದಲ್ಲಿ ಕಾಲು ಭಾಗವೂ ಇರಲಿಲ್ಲ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದು ಕೂತರೆ ನನ್ನ ಆಯುಸ್ಸು ಮೊದಲು ಇಳಿದುಹೋಗುತ್ತದೆ.

ನಾನು ನಾಗಲಕ್ಷ್ಮಿ, ಚಿನ್ನಪ್ಪನ ತಂಗಿ ಭದ್ರಮ್ಮನ ಒಬ್ಬಳೇ ಮಗಳು. ನಮ್ಮೂರು ತೊರಪಲ್ಲಿ ಅಗ್ರಹಾರದ ಪಕ್ಕದ್ದು. ಅಮ್ಮನಿಗೆ ಈಗ ಎಂಬತ್ತೆರಡು, ಮಾವನಿಗೆ ಎಂಬತ್ತಾರು. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ಮಾವ ಕೆಟ್ಟ ಮನುಷ್ಯ ಅಲ್ಲ. ನನಗೆ ಸ್ಲೇಟು ತಂದುಕೊಟ್ಟವನು, ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವನು, ನನ್ನ ಮದುವೆಯಲ್ಲಿ ಓಡಾಡಿದವನು ಎಲ್ಲ ಅವನೇ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಒಂದು ಹಿಡಿ ಮಣ್ಣು ತೂರಿ ಸುಮ್ಮನಾಗುತ್ತಿದ್ದೆ.

ಚಿಕ್ಕಂದಿನಿಂದ ಅವನಿಗೆ ದನಿ ಮಾಡುವ ಹುಚ್ಚು. ಶಾಲೆಯಲ್ಲಿ ತಮಿಳು ಮೇಷ್ಟ್ರಂತೆ ಕೆಮ್ಮುತ್ತಿದ್ದ, ಸಂತೆಯಲ್ಲಿ ತೆಲುಗು ದಳ್ಳಾಳಿಯಂತೆ ಕೂಗುತ್ತಿದ್ದ, ಮನೆಗೆ ಬಂದು ನಮ್ಮ ತಾತನಂತೆ ಗೊಣಗಿ ಪೆಟ್ಟು ತಿನ್ನುತ್ತಿದ್ದ. ಆದರೆ ದನಿ ಮಾಡುವುದೇ ಬೇರೆ, ಮಾತು ಹುಟ್ಟಿಸುವುದೇ ಬೇರೆ. ನಮ್ಮ ಮನೆಯಲ್ಲಿ ಮಾತು ಹುಟ್ಟುತ್ತಿದ್ದದ್ದು ಅಮ್ಮನ ಬಾಯಲ್ಲಿ. ಮದುವೆಗಳಲ್ಲಿ ಬೀಗರನ್ನು ಆಡಿಕೊಳ್ಳುವ ಹಾಡು ಕಟ್ಟಬೇಕೆಂದರೆ ಸುತ್ತಿನ ಹಳ್ಳಿಯವರು ಭದ್ರಿಯನ್ನು ಕರೆಯುತ್ತಿದ್ದರಂತೆ. ಬೈಸಿಕೊಂಡ ಬೀಗರೇ ಅವಳಿಗೆ ಎಲೆಅಡಿಕೆ ಕೊಟ್ಟು ಹೋಗುತ್ತಿದ್ದರಂತೆ.

ಹದಿನೆಂಟಕ್ಕೆ ಅವಳನ್ನು ಡೆಂಕಣಿಕೋಟೆ ಕಡೆ ಕಾಡಂಚಿನ ಒಂದು ಹಳ್ಳಿಗೆ ಕೊಟ್ಟರು. ಗಂಡ ಮುನಿಕೃಷ್ಣ, ಅಂದರೆ ನಮ್ಮಪ್ಪ, ಸಾಧು. ಅತ್ತೆ ಕನಕಮ್ಮ ಸಾಧು ಅಲ್ಲ. ಮಗನಿಗೆ ತೆಂಗಿನಕಾಯಿ ಗಾತ್ರದ ಮುದ್ದೆ, ಸೊಸೆಗೆ ನಿಂಬೆಹಣ್ಣಿನ ಗಾತ್ರದ್ದು. ಸೊಸೆ ಕದ್ದು ತಿಂದಾಳೆಂದು ರಾಗಿ ಹಿಟ್ಟಿನ ಮಡಕೆಯಲ್ಲಿ ಹಿಟ್ಟನ್ನು ನುಣ್ಣಗೆ ತಟ್ಟಿ, ಮೇಲೆ ತನ್ನ ಐದು ಬೆರಳು ಊರಿ ಗುರುತು ಮಾಡಿಟ್ಟು ಹೊಲಕ್ಕೆ ಹೋಗುತ್ತಿದ್ದಳು. ಬೈಯುವುದಕ್ಕೆ ತೆಲುಗು, ಎಣಿಸುವುದಕ್ಕೆ ತಮಿಳು, ದೇವರಿಗೆ ಮಾತ್ರ ಕನ್ನಡ. ಸೊಸೆಯನ್ನು ನೇರವಾಗಿ ಬೈದರೆ ಊರು ಏನನ್ನುತ್ತದೋ ಎಂದು ಎಮ್ಮೆಯ ಮುಂದೆ ನಿಂತು ಬೈಯುತ್ತಿದ್ದಳು. “ತಿನೇದಿ ಗಂಪೆಡು, ಇಚ್ಚೇದಿ ಗರಿಟೆಡು” ಎನ್ನುವಳು. ತಿನ್ನುವುದು ಕುಕ್ಕೆ ತುಂಬ, ಕೊಡುವುದು ಸೌಟು ತುಂಬ. ಎಮ್ಮೆಗೆ ತೆಲುಗು ಬರುತ್ತಿರಲಿಲ್ಲ, ಅಮ್ಮನಿಗೆ ಬರುತ್ತಿತ್ತು.

ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣ ಗಾಡಿ ಕಟ್ಟಿಕೊಂಡು ಹೋಗಿ ತಂಗಿಯನ್ನು ಕರೆತರಬೇಕು. ಗಂಡನ ಊರಿನ ಎಲ್ಲೆ ದಾಟುವವರೆಗೆ ಹೆಣ್ಣುಮಗಳು ತುಟಿ ಬಿಚ್ಚುವ ಹಾಗಿಲ್ಲ. ದಾಟಿದ ಮೇಲೆ ಅಳಬಹುದು, ಬೈಯಬಹುದು, ನಗಬಹುದು, ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಕಕ್ಕಬಹುದು. ಅಣ್ಣ ಎತ್ತಿನ ಕಡೆ ನೋಡುತ್ತಾ ಗಾಡಿ ಹೊಡೆಯಬೇಕು, ಕೇಳಿಸಿಕೊಳ್ಳಬೇಕು, ಮನೆ ಮುಟ್ಟಿದ ಮೇಲೆ ಹೆತ್ತ ತಾಯಿಗೂ ಒಂದು ಮಾತು ಹೇಳಬಾರದು. ಗಾಡಿ ಮಾತು ಗಾಡಿಗೆ ಎನ್ನುತ್ತಿದ್ದರು ಹಿರಿಯರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಅದೊಂದೇ ದಾರಿ.

ಬೇರೆ ಹೆಣ್ಣುಮಕ್ಕಳು ಗಾಡಿಯಲ್ಲಿ ಅಳುತ್ತಿದ್ದರೆ ನಮ್ಮಮ್ಮ ನಗಿಸುತ್ತಿದ್ದಳು. ಸೆರಗು ಬಿಗಿದು ಅತ್ತೆಯಾಗುವಳು, ಅತ್ತೆಯಿಂದ ಎಮ್ಮೆಯಾಗುವಳು. “ಅಣ್ಣ, ಕೇಳು. ಹಿಟ್ಟು ತಕ್ಕೊಂಡು ಮೇಲೆ ನನ್ ಬೆಳ್ಳೇ ಒತ್ತಿ ಮಡಗಿದೆ. ಮುದುಕಿ ಬಂದು ಮಡಕೆ ನೋಡ್ತದೆ, ಕೈ ನೋಡ್ಕೊಳ್ತದೆ, ಮಡಕೆ ನೋಡ್ತದೆ, ಕೈ ನೋಡ್ಕೊಳ್ತದೆ. ಇದೇನೇ ಇದು, ರಾತ್ರೋರಾತ್ರಿ ನನ್ ಕೈ ಎಳೇದಾಗೋಯ್ತು ಅಂತದೆ!” ಮಾವ ನಕ್ಕು ನಕ್ಕು ಒಂದು ಸಲ ಗಾಡಿಯನ್ನು ಕಾಲುವೆಗೆ ಇಳಿಸಿದ್ದನಂತೆ.

ನಿಮಗೂ ನಗು ಬಂತಲ್ಲ? ನನಗೂ ಬರುತ್ತದೆ. ನನ್ನ ಸಿಟ್ಟಿನ ಮೂಲವೇ ಅದು.

ಆ ವರ್ಷಗಳಲ್ಲಿ ಮಾವ ನಮ್ಮ ತೋಟದ ಎಲೆಕೋಸು, ಬೀನ್ಸು ಹೇರಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಒಂದು ದಿನ ಅವನು ಕೂಗಿ ಮಾರುವ ವೈಖರಿ ನೋಡಿ, ಕೋಸು ಕೊಳ್ಳಲು ಬಂದ ರೇಡಿಯೋದವರೊಬ್ಬರು ನಿಂತರು. ಹಳ್ಳಿಯವರಿಗಾಗಿ ನಡೆಸುವ ಕಾರ್ಯಕ್ರಮಕ್ಕೆ ಹಳ್ಳಿ ಬಾಯಿ ಬೇಕಾಗಿದೆ, ಬಂದು ದನಿ ಪರೀಕ್ಷೆ ಕೊಡು ಎಂದರು. ಮಾವ ಹೋದ. ಮೇಷ್ಟ್ರ ಕೆಮ್ಮು, ದಳ್ಳಾಳಿಯ ಕೂಗು, ಪೊಲೀಸಿನ ಗದರಿಕೆ ಎಲ್ಲ ಮಾಡಿದ. ಕುಳಿತವರು ತಲೆಯಾಡಿಸಿದರು, ನಗಲಿಲ್ಲ. ಇದನ್ನೆಲ್ಲ ಎಲ್ಲರೂ ಮಾಡುತ್ತಾರಪ್ಪ, ನಿನ್ನದೇ ಅಂತ ಏನಿದೆ ಎಂದು ಕೇಳಿದರು. ಅವನದೇ ಅಂತ ಏನೂ ಇರಲಿಲ್ಲ. ಆಗ ಬಾಯಿ ತೆರೆದು ತಂಗಿಯ ದನಿ ತೆಗೆದ. ಹಿಟ್ಟಿನ ಮಡಕೆಯ ಕಥೆ ಮುಗಿಯುವಷ್ಟರಲ್ಲಿ ಗಾಜಿನ ಆಚೆ ಕೂತವರು ಮೇಜು ಬಡಿಯುತ್ತಿದ್ದರಂತೆ. ಇದನ್ನು ಮಾವನೇ ನೂರು ಸಲ ಹೆಮ್ಮೆಯಿಂದ ಹೇಳಿದ್ದಾನೆ.

ಹಾಗೆ ಹುಟ್ಟಿದಳು ಪಾಪಕ್ಕ. ‘ಪಾಪಕ್ಕನ ಪಾಡು’ ಎಂದು ವಾರಕ್ಕೊಂದು ಸಂಜೆ ಬರುತ್ತಿತ್ತು. ಅತ್ತೆ ಕಾಟದ ಸೊಸೆಯೊಬ್ಬಳು ಕೇಳುಗರಿಗೆ ತನ್ನ ಕಷ್ಟ ಹೇಳಿಕೊಳ್ಳುವುದು, ಅಷ್ಟೇ. ಮಾಡುತ್ತಿದ್ದದ್ದು ಗಂಡಸು ಎಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಪಾಪಕ್ಕನಿಗೆ ಹೆಂಗಸರು ಕಾಗದ ಬರೆಯುತ್ತಿದ್ದರು, ಸೀರೆ ಕಳಿಸುತ್ತಿದ್ದರು. ಪ್ರತಿ ಹಬ್ಬಕ್ಕೂ ಮಾವ ತಂಗಿಯನ್ನು ಕರೆಯಲು ಎಲ್ಲರಿಗಿಂತ ಮುಂಚೆ ಗಾಡಿ ಕಟ್ಟುತ್ತಿದ್ದ. ಎಷ್ಟು ಪ್ರೀತಿ ನನ್ನಣ್ಣನಿಗೆ ಎಂದು ಅಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ರೇಡಿಯೋದಲ್ಲಿ ಅವನಿಗೆ ಕೆಲಸ ಸಿಕ್ಕಿದೆ ಎಂದು ಮನೆಯವರಿಗೆ ಗೊತ್ತಿತ್ತು. ಏನು ಕೆಲಸ ಎಂದು ಗೊತ್ತಿರಲಿಲ್ಲ. ವ್ಯವಸಾಯದ ಮಾತು ಎಂದು ಹೇಳಿದ್ದ. ಅವನ ಧೈರ್ಯಕ್ಕೆ ಕಾರಣ ನಮ್ಮ ಗಡಿ. ಬೆಂಗಳೂರು ಮೈಸೂರು ರಾಜ್ಯ, ನಾವು ಮದರಾಸಿನವರು. ನಮ್ಮ ಕಡೆ ರೇಡಿಯೋ ಎಂದರೆ ಪಂಚಾಯ್ತಿ ಆಫೀಸಿನಲ್ಲಿ ಬೀಗ ಹಾಕಿಟ್ಟ ಒಂದು ಪೆಟ್ಟಿಗೆ, ಅದರ ಮುಳ್ಳು ಸದಾ ಮದರಾಸಿನ ಮೇಲೆ. ಸಂಜೆಯಾದರೆ ತಮಿಳಿನಲ್ಲಿ ವಾರ್ತೆ, ಹವಾಮಾನ, ಕಡಲೆಕಾಯಿ ಧಾರಣೆ. ಡೆಂಕಣಿಕೋಟೆ ಕಡೆಯೂ ಹಾಗೇ. ಗಡಿಯ ಜೂಜುವಾಡಿಯಿಂದ ಈಚೆಗೆ ಬೆಂಗಳೂರಿನ ಮಾತು ಬರುವುದಿಲ್ಲ ಎಂದು ಮಾವ ಲೆಕ್ಕ ಹಾಕಿದ್ದ. ಗಾಳಿಗೆ ಚೆಕ್‌ಪೋಸ್ಟ್ ಇಲ್ಲ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಹೋಗಲಿ, ಜನಕ್ಕೂ ಇಲ್ಲ. ನಮ್ಮಲ್ಲಿ ಯಾರ ಮನೆ ತೆಗೆದರೂ ಅರ್ಧ ನೆಂಟರು ಗಡಿಯ ಆಚೆಗೇ ಇರುತ್ತಾರೆ. ಕನಕಮ್ಮನ ತವರು ಆನೇಕಲ್ ಪಕ್ಕ.

ಕನಕಮ್ಮ ತಮ್ಮನ ಮನೆಯ ಗೃಹಪ್ರವೇಶಕ್ಕೆ ಅಲ್ಲಿಗೆ ಹೋಗಿದ್ದಳು. ಸಂಜೆ ಊರ ಹೆಂಗಸರೆಲ್ಲ ಪಂಚಾಯ್ತಿ ರೇಡಿಯೋ ಮುಂದೆ ಚಾಪೆ ಹಾಸಿಕೊಂಡು ಕೂತರು. ಇವತ್ತು ಪಾಪಕ್ಕ ಬತ್ತಾಳೆ, ನೀನೂ ಬಾರತ್ತೆ ಎಂದು ಕರೆದೊಯ್ದರು. ಕನಕಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳಂತೆ. ಮುದ್ದೆಯ ಗಾತ್ರಕ್ಕೆ ನಕ್ಕಳು, “ಅಯ್ಯೋ ನಿನ್ ಮನೆ ಕಾಯ, ಎಂಥಾ ಅತ್ತೆಲಾ ಇವ್ಳು” ಎಂದು ತೊಡೆ ತಟ್ಟಿಕೊಂಡಳು. ಆಮೇಲೆ ಎಮ್ಮೆ ಬಂತು. ಕುಕ್ಕೆ ಮತ್ತು ಸೌಟು, ಅದೇ ತೆಲುಗಿನಲ್ಲಿ. ಬೈಯೋಕೆ ತೆಲುಗು, ಎಣಿಸೋಕೆ ತಮಿಳು ಎಂದಳು ಪಾಪಕ್ಕ. ಕೊನೆಗೆ ಹಿಟ್ಟಿನ ಮಡಕೆ. ಐದು ಬೆರಳಿನ ವಿಷಯ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು, ಅತ್ತೆಗೆ ಮತ್ತು ಸೊಸೆಗೆ. ಸುತ್ತ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರೆ ಆಯಮ್ಮ ತನ್ನ ಕೈ ನೋಡಿಕೊಳ್ಳುತ್ತಾ ಕೂತಿದ್ದಳಂತೆ.

ಮಾರನೆಯ ದಿನ ಊರಿಗೆ ಬಂದವಳೇ ಅಮ್ಮನನ್ನು ಹೊಸ್ತಿಲ ಆಚೆ ನಿಲ್ಲಿಸಿದಳು. ಬೈಯಲಿಲ್ಲ, ಎಮ್ಮೆಗೂ ಬೈಯಲಿಲ್ಲ. “ನನ್ ಮನೆ ಮರ್ವಾದೆನ ರೇಡಿಯೋಕ್ ಮಾರ್ಕೊಂಡವ್ಳು ನನ್ ಮನೇಲ್ ಬೇಡ” ಎಂದಳು. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಅವಳು ಹುಟ್ಟಿದಮೇಲೆ ರೇಡಿಯೋ ಮುಂದೆ ಕೂತವಳೇ ಅಲ್ಲ. ಏಳು ತಿಂಗಳ ನನ್ನನ್ನು ಎತ್ತಿಕೊಂಡು, ಅಪ್ಪನ ಮುಖ ನೋಡಿದಳಂತೆ. ಅಪ್ಪ ನೆಲ ನೋಡಿದ.

ವಾರದ ಕೊನೆಗೆ ಮಾವ ಬೆಂಗಳೂರಿನಿಂದ ಬಂದ. ನಡುಮನೆಯಲ್ಲಿ ತಂಗಿ ಕೂತಿದ್ದಾಳೆ, ಕೂಸು ಅಳುತ್ತಿದೆ. ಎಲ್ಲ ಕೇಳಿದ ಮೇಲೆ ಅವನು ಆಡಿದ ಮೊದಲ ಮಾತನ್ನು ಅಮ್ಮ ಇವತ್ತಿಗೂ ಅವನದೇ ದನಿಯಲ್ಲಿ ಹೇಳುತ್ತಾಳೆ. “ನಾನೇನ್ ನಿನ್ ಹೆಸ್ರು ಹೇಳಿಲ್ವಲ್ಲಮ್ಮಿ.”

“ಗಾಡೀಲ್ ಹೇಳಿದ್ದಲ್ಲಣ್ಣ ಅದು” ಎಂದಳು ಅಮ್ಮ. ಮಾವ ಅತ್ತ. ನಿಜವಾಗಿಯೇ ಅತ್ತ. ಇನ್ನು ಪಾಪಕ್ಕನನ್ನು ಬಿಟ್ಟುಬಿಡುತ್ತೇನೆ ಎಂದು ತಾಯಿಯ ತಲೆ ಮುಟ್ಟಿ ಹೇಳಿದ.

ಬಿಡಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ರೇಡಿಯೋದವರು ಈಗ ನಿಲ್ಲಿಸಿದರೆ ಹೇಗಪ್ಪ ಎಂದರಂತೆ, ಇವನು ಇನ್ನೊಂದೇ ಸಲ, ಇನ್ನೊಂದೇ ಸಲ ಎಂದು ಹೋಗುತ್ತಲೇ ಇದ್ದ.

ನಮ್ಮ ತಾತ ಸುಮ್ಮನೆ ಕೂರುವ ಮನುಷ್ಯನಲ್ಲ. ಅಮ್ಮನ ಗಂಡನ ಊರಿನ ಹಿರಿಯರ ಕೈಕಾಲು ಹಿಡಿದು ಒಂದು ಪಂಚಾಯ್ತಿ ಸೇರಿಸಿದ. ಹಿರಿಯರು ಹೇಳಿದ್ದು ಇಷ್ಟೇ. ಸೊಸೆ ರೇಡಿಯೋಕ್ಕೆ ಹೋಗಿ ಮನೆಯ ಗುಟ್ಟು ಹೇಳಿಲ್ಲ, ನನ್ನನ್ನು ನಂಬಿ ಹೇಳಿದ್ದನ್ನು ನಾನೇ ಬಳಸಿಕೊಂಡೆ ಎಂದು ಅಣ್ಣ ಬಂದು ನಾಲ್ಕು ಜನರ ಮುಂದೆ ಹೇಳಲಿ. ಕನಕಮ್ಮನಿಗೆ ಒಂದು ನಮಸ್ಕಾರ ಹಾಕಲಿ. ಹೆಣ್ಣುಮಗಳು ಮನೆಗೆ ಬರಲಿ. ಕನಕಮ್ಮನೂ ಒಪ್ಪಿದಳು. ಮಾವನೂ ಒಪ್ಪಿದ. ಬೆಂಗಳೂರಿನಿಂದ ಬೆಳಗಿನ ಬಸ್ಸಿಗೆ ನೇರವಾಗಿ ಬತ್ತೀನಿ ಎಂದ.

ಅಮ್ಮ ಹೊಸ ಬಳೆ ತೊಟ್ಟು, ನನಗೆ ಕಾಡಿಗೆ ಹಚ್ಚಿ, ತಾತನ ಜೊತೆ ಹೋಗಿ ಆ ಊರಿನ ಮಾರಮ್ಮನ ಗುಡಿಯ ಜಗಲಿಯ ಮೇಲೆ ಕೂತಳು. ಬೆಳಗಿನ ಬಸ್ಸು ಬಂತು, ಹೋಯಿತು. ಮಧ್ಯಾಹ್ನದ ಬಸ್ಸೂ ಬಂತು, ಹೋಯಿತು. ಹಿರಿಯರು ಮನೆಗೆ ಹೋಗಿ ಉಂಡು ಬಂದರು. ದನ ಕಾಡಿನಿಂದ ಮನೆಗೆ ತಿರುಗುವ ಹೊತ್ತಾಯಿತು. ಅಪ್ಪ ಅಷ್ಟರಲ್ಲಿ ಒಂದು ಟ್ರಾನ್ಸಿಸ್ಟರ್ ಕೊಂಡಿದ್ದ, ನಮ್ಮ ಮನೆಯ ಬಗ್ಗೆ ಇನ್ನೂ ಏನೇನು ಹೇಳುತ್ತಾರೋ ತಿಳಿಯಬೇಕಲ್ಲ ಎಂದು. ಪಾಪಕ್ಕ ಬರುವ ಹೊತ್ತಾಯಿತು ಎಂದು ಯಾರೋ ಅದನ್ನು ತರಿಸಿದರು. ಗುಡಿಯ ಜಗಲಿಯ ಮೇಲಿಟ್ಟು ತಿರುಗಿಸಿದರು.

ಪೆಟ್ಟಿಗೆಯಿಂದ ಅಮ್ಮನ ದನಿ ಬಂತು. ಏನ್ರವ್ವ, ಎಲ್ರೂ ಉಂಡ್ರಾ, ನಮ್ಮತ್ತೆ ನಂಗಿನ್ನೂ ಇಕ್ಕಿಲ್ಲ ಎಂದು. ಬೆಂಗಳೂರಿನಲ್ಲಿ ಮೈಕಿನ ಮುಂದೆ ನಿಂತು ಮಾವ ಆ ಗಳಿಗೆಯಲ್ಲಿ ಮಾತಾಡುತ್ತಿದ್ದ. ಜನ ಪೆಟ್ಟಿಗೆಯನ್ನು ನೋಡಿದರು, ಅಮ್ಮನನ್ನು ನೋಡಿದರು. ಒಬ್ಬರಿಬ್ಬರು ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕರು. ಕನಕಮ್ಮ ಎದ್ದಳು. “ಅವ್ರಣ್ಣನಿಗೇ ಬರಕ್ ಮುಖ ಇಲ್ಲ ಅಂದ್ಮೇಲೆ ಇನ್ನೇನೈತೆ, ಎದ್ದೇಳ್ರಪ್ಪ” ಎಂದಳು. ಮುಂದಿನ ವರ್ಷ ಅಪ್ಪನಿಗೆ ಬೇರೆ ಮದುವೆಯಾಯಿತು.

ಮಾವ ಆಮೇಲೆ ಹೇಳಿದ್ದು, ಆ ದಿನ ಬರಬೇಕಾದ ಇನ್ನೊಬ್ಬ ಕಲಾವಿದನಿಗೆ ಜ್ವರ ಬಂತು, ಬಿಟ್ಟು ಹೊರಟರೆ ಮತ್ತೆ ಕರೆಯುವುದಿಲ್ಲ ಎಂದರು, ಏನ್ಮಾಡ್ಲಮ್ಮಿ ಎಂದು. ಥೂ! ಜ್ವರವಂತೆ. ಯಾವನಿಗೋ ಬಂದ ಜ್ವರಕ್ಕೆ ನಮ್ಮಮ್ಮನ ಸಂಸಾರ ಸತ್ತಿತು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅಮ್ಮ ತವರಿನಲ್ಲೇ ಉಳಿದಳು, ಹಿಂದಿನ ಕೋಣೆಯಲ್ಲಿ. ಅಣ್ಣನ ಹೆಂಡತಿಯ ಮಾತು, ನೀರಿನ ಹತ್ತಿರ ಹೆಂಗಸರ ಕೊಂಕು ಎಲ್ಲ ಶುರುವಾಯಿತು. ಬಾಯಿ ಸುಮ್ಮನಿರುತ್ತದೆಯೇ? ಬಾವಿ ಕಟ್ಟೆಯ ಮೇಲೆ ಪಕ್ಕದ ಮನೆಯವಳಿಗೆ ಹೇಳಿಕೊಂಡು ಹಗುರಾಗುತ್ತಿದ್ದಳು. “ಅಲ್ಲಿ ಮಡಕೆ ಮೇಲೆ ಅತ್ತೆ ಕೈ ಇತ್ತು ಕಣಕ್ಕ. ಇಲ್ಲಿ ಮಡಕೆನೇ ಅಟ್ಟದ್ ಮೇಲೈತೆ.” ಅದೂ ಮಾವನ ಕಿವಿಗೆ ಬಿತ್ತು. ಎರಡು ವಾರ ಕಳೆದಿರಲಿಲ್ಲ, ಪಾಪಕ್ಕ ರೇಡಿಯೋದಲ್ಲಿ ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಅಟ್ಟದ ಮೇಲಿನ ಮಡಕೆಯೂ ಬಂತು. ಅಷ್ಟರಲ್ಲಿ ನಮ್ಮೂರಿಗೂ ಟ್ರಾನ್ಸಿಸ್ಟರ್ ಬಂದಿತ್ತು, ಊರಿಗೆ ಊರೇ ಕೇಳಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಅವತ್ತಿನಿಂದ ಅಮ್ಮ ಬಾಯಿ ಮುಚ್ಚಿದಳು. ಅಣ್ಣ ಮನೆಯಲ್ಲಿದ್ದರೆ ಹೂಂ, ಉಹೂಂ ಬಿಟ್ಟು ಇನ್ನೊಂದು ಮಾತಿಲ್ಲ. ಬಾವಿ ಹತ್ತಿರವೂ ಇಲ್ಲ, ಮದುವೆ ಮನೆಗಳಲ್ಲೂ ಇಲ್ಲ. ಅವಳು ನಗಿಸಿದ್ದನ್ನು ನಾನು ನನ್ನ ಬಾಲ್ಯದಲ್ಲಿ ಕಂಡಿಲ್ಲ. ಕಳೆ ಕೀಳುವ ಕೂಲಿಗೆ ಹೋದಳು, ಆಮೇಲೆ ಗುಲಾಬಿ ಬೆಳೆಯುವ ಪಾಲಿಹೌಸುಗಳು ಬಂದ ಮೇಲೆ ಅಲ್ಲಿ ಮುಳ್ಳು ತೆಗೆಯುವ ಕೆಲಸಕ್ಕೆ ಸೇರಿದಳು. ನನ್ನನ್ನು ಓದಿಸಿದಳು.

ಒಂದು ವಿಚಿತ್ರ ನೋಡಿ. ಅಮ್ಮ ಮಾತು ನಿಲ್ಲಿಸಿದ ಮೇಲೆ ಪಾಪಕ್ಕನ ಬಾಯಿಯೂ ಒಣಗುತ್ತಾ ಬಂತು. ಮಾವ ಹಳೆಯದನ್ನೇ ತಿರುಗಿಸಿ ಹಾಕಿದ, ಬೇರೆಯವರ ಹತ್ತಿರ ಬರೆಸಿದ, ಯಾವುದೂ ಕೂಡಿ ಬರಲಿಲ್ಲ. ಕಾರ್ಯಕ್ರಮ ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೆ ಮಾತ್ರ, ಆಮೇಲೆ ಇಲ್ಲ. ಟೀವಿ ಬಂದು ನನ್ನ ಅನ್ನ ಕಿತ್ತುಕೊಂಡಿತು ಎನ್ನುತ್ತಾನೆ ಮಾವ. ನಮ್ಮ ಸೀಮೆಗೆ ಟೀವಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಅವನ ಅನ್ನ ಮುಗಿದಿತ್ತು. ಸ್ವಲ್ಪ ಕಾಲ ಆರ್ಕೆಸ್ಟ್ರಾಗಳಲ್ಲಿ ನಡುನಡುವೆ ಬಂದು ನಗಿಸಿದ. ಕೊನೆಗೆ ಜೂಜುವಾಡಿಯಲ್ಲಿ ಲಾರಿಗಳು ನಿಲ್ಲುವ ಕಡೆ ಒಂದು ಟೀ ಅಂಗಡಿ ಇಟ್ಟ. ಡ್ರೈವರುಗಳಿಗೆ ಮೂರು ಭಾಷೆಯಲ್ಲೂ ತಮಾಷೆ ಮಾಡುತ್ತಾ ಟೀ ಕೊಡುತ್ತಿದ್ದ. ಹಳಬರು ಯಾರಾದರೂ ದನಿಯ ಗುರುತು ಹಿಡಿದು, ನೀವು ಪಾಪಕ್ಕ ಅಲ್ವಾ ಸ್ವಾಮಿ ಎಂದರೆ ಆ ದಿನವೆಲ್ಲ ಅವನ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಇಷ್ಟಾದರೂ ಅಮ್ಮ ಅವನ ಮೇಲೆ ಕೂಗಾಡಿದವಳಲ್ಲ. ಅತ್ತಿಗೆ ತೀರಿಕೊಂಡ ಮೇಲೆ ದಿನಾ ಅವನಿಗೆ ಸಾರು ಕಳಿಸುತ್ತಾಳೆ. ಯಾಕಮ್ಮ ಎಂದರೆ, ಒಡಹುಟ್ಟಿದೋನು ಕಣೆ ಎನ್ನುತ್ತಾಳೆ. ಆದರೆ ಅವಳಿಗೆ ಒಂದು ಆಸೆ ಉಳಿದಿತ್ತು. ಡೆಂಕಣಿಕೋಟೆ ಕಡೆಯ ಆ ಊರಿನಲ್ಲಿ ಇವತ್ತಿಗೂ, ಅತ್ತೆ ಮನೆ ಮಾನವನ್ನು ರೇಡಿಯೋಕ್ಕೆ ಮಾರಿಕೊಂಡ ಸೊಸೆ ಎಂದು ಅವಳ ಹೆಸರು ಎತ್ತಿ ಹೊಸ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಾರಂತೆ. ಕನಕಮ್ಮ ಸತ್ತಳು, ಅಪ್ಪ ಸತ್ತ, ಆ ಮಾತು ಮಾತ್ರ ಸಾಯಲಿಲ್ಲ. ನಾನು ಮಾರಲಿಲ್ಲ, ಅಣ್ಣನನ್ನು ನಂಬಿ ಹೇಳಿದೆ ಎಂದು ಅಣ್ಣನ ಬಾಯಿಂದಲೇ ನಾಲ್ಕು ಜನ ಕೇಳಬೇಕು. ನಾನು ಸಾಯೋದ್ರೊಳಗೆ ಅದೊಂದು ಆಗ್ಬೇಕು ಎನ್ನುತ್ತಿದ್ದಳು.

ಹಾಗಾಗಿ ಜಗನ್ ಸನ್ಮಾನದ ಸುದ್ದಿ ತಂದ ದಿನ ಅಮ್ಮ ತಾನಾಗಿಯೇ ಮಾವನ ಮನೆಗೆ ಹೋದಳು. ನಾನೂ ಹೋದೆ. ಮಾವ ಮಂಚದ ಮೇಲೆ ಕೂತು ಜುಬ್ಬದ ಗುಂಡಿ ನೋಡುತ್ತಿದ್ದ.

“ಅಣ್ಣ, ಆ ಊರೋರೂ ಬತ್ತಾರಂತೆ ಸಭೆಗೆ.”

“ಬತ್ತಾರಂತಮ್ಮಿ. ಬಸ್ ಮಾಡ್ಕೊಂಡು ಬತ್ತಾರಂತೆ.”

“ಅವತ್ತು ಗುಡಿ ಹತ್ರ ಹೇಳ್ಬೇಕಾಗಿದ್ದ ಮಾತು, ಇವತ್ತು ಮೈಕಲ್ಲಿ ಹೇಳ್ತೀಯಾ?”

ಮಾವ ಜುಬ್ಬ ಪಕ್ಕಕ್ಕಿಟ್ಟ. ಆಮೇಲೆ ಅವಳ ಕೈ ಹಿಡಿದುಕೊಂಡ. “ಹೇಳ್ತೀನಿ ಕಣ್ ಭದ್ರಿ. ನಿನ್ ಋಣ ಇಟ್ಕೊಂಡು ನಾನ್ ಸಾಯಕಿಲ್ಲ. ಮೊದ್ಲು ಅದೇ ಹೇಳ್ತೀನಿ, ಆಮೇಲೆ ಶಾಲು ಹೊದಿಸ್ಕೊಳ್ತೀನಿ.” ಅಮ್ಮ ಮನೆಗೆ ಬಂದು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ನಾನು ನಂಬಿದೆ. ಎಂಬತ್ತಾರರ ಮುದುಕ ಕೈ ಹಿಡಿದು ಹೇಳಿದರೆ ಯಾರು ನಂಬುವುದಿಲ್ಲ?

ಹೊಸೂರಿನ ಕಲ್ಯಾಣ ಮಂಟಪ ತುಂಬಿತ್ತು. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾಷಣಗಳಾದ ಮೇಲೆ ಜಗನ್, ಆನೇಕಲ್ಲಿನ ಅಭಿಮಾನಿಯೊಬ್ಬರು ಹಳೆಯ ಕ್ಯಾಸೆಟ್ಟಿನಲ್ಲಿ ಉಳಿಸಿಕೊಂಡಿದ್ದ ಪಾಪಕ್ಕನ ಒಂದು ತುಣುಕನ್ನು ಸ್ಪೀಕರಿನಲ್ಲಿ ಹಾಕಿದ. ಹಿಟ್ಟಿನ ಮಡಕೆಯೇ ಬಂತು. ಮುದುಕರು ಕಣ್ಣೊರೆಸಿಕೊಂಡು ನಕ್ಕರು. ಮೊಬೈಲು ಹಿಡಿದ ಹುಡುಗರೂ ನಕ್ಕರು. ಪಾಪಕ್ಕ, ಪಾಪಕ್ಕ ಎಂದು ಕೂಗು ಎದ್ದಿತು.

ಮಾವ ಮೈಕಿನ ಮುಂದೆ ಬಂದ. ಕೂಗು ನಿಲ್ಲುವವರೆಗೆ ಕೈ ಮುಗಿದು ನಿಂತ. “ಮೊದ್ಲು ಒಂದ್ ಮಾತು ಹೇಳ್ಬೇಕು” ಎಂದ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. “ನಮ್ ತಂಗಿ ಭದ್ರಮ್ಮ, ಇಲ್ಲೇ ಮುಂದೇನೇ ಕೂತವ್ಳೆ. ಪಾಪಕ್ಕ ಅಂದ್ರೆ ಇವ್ಳೇ.”

ಚಪ್ಪಾಳೆ ಬಿತ್ತು. ಎಲ್ಲರೂ ಎದ್ದು ನಿಂತು ಅಮ್ಮನ ಕಡೆ ಬಗ್ಗಿ ನೋಡಿದರು. ಆ ಚಪ್ಪಾಳೆ ಮಾವನ ಮುಖಕ್ಕೆ ಹೊಡೆದದ್ದು ನನಗೆ ಕಾಣಿಸಿತು. ಬೆನ್ನು ನೆಟ್ಟಗಾಯಿತು, ಕಣ್ಣು ಮಿನುಗಿತು. ಮುಂದಿನ ಮಾತು ಅವನ ಬಾಯಿಗೆ ಬಂದಿತ್ತು, ನಾನು ತುಟಿಯಲ್ಲಿ ಕಂಡೆ. ಅದನ್ನು ನುಂಗಿದ. “ಇವ್ಳಿಗೊಬ್ಳು ಅತ್ತೆ ಇದ್ಳು ಕಣ್ರಪ್ಪ, ಕನಕಮ್ಮ ಅಂತ, ಡೆಂಕಣಿಕೋಟೆ ತಾವ!” ಎಂದು ಸೊಂಟಕ್ಕೆ ಕೈ ಇಟ್ಟು ದನಿ ಬದಲಾಯಿಸಿದ. ಎಮ್ಮೆ ಬಂತು, ಮುದ್ದೆ ಬಂತು, ಅಟ್ಟ ಬಂತು. ಸಭೆ ಬಿದ್ದು ಬಿದ್ದು ನಕ್ಕಿತು. ಅರವತ್ತು ವರ್ಷ ನಿನ್ನ ಹೆಸರು ಹೇಳಿಲ್ವಲ್ಲ ಎಂದು ಸಮಾಧಾನ ಹೇಳಿಕೊಂಡು ಬಂದವನು ಇವತ್ತು ಹೆಸರು ಹಿಡಿದು, ಊರು ಹಿಡಿದು, ಆ ಊರಿನವರ ಮುಂದೆಯೇ ಹೇಳಿ ಮುಗಿಸಿದ.

ಅಮ್ಮ ಎದ್ದಳು. ಬೇಡಮ್ಮ ಎಂದೆ. ಕೇಳಲಿಲ್ಲ. ನನ್ನ ಭುಜ ಹಿಡಿದು ವೇದಿಕೆ ಹತ್ತಿದಳು, ಮಾವನ ಕೈಯಿಂದ ಮೈಕು ತೆಗೆದುಕೊಂಡಳು. ಹಾಲಿನಲ್ಲಿ ಖುಷಿಯ ಕೇಕೆ ಎದ್ದಿತು.

“ನಾನು ರೇಡಿಯೋಕ್ ಹೋಗಿ ಏನೂ ಹೇಳ್ಲಿಲ್ಲ ಕಣ್ರಪ್ಪ” ಎಂದಳು.

ಅದೇ ದನಿ. ಈಗಷ್ಟೇ ಸ್ಪೀಕರಿನಲ್ಲಿ ಕೇಳಿದ ದನಿ, ಅದೇ ಎಳೆತ, ಅದೇ ಬೀಸು. ಜನ ಹೋ ಎಂದು ನಕ್ಕರು.

“ನಗ್ಬ್ಯಾಡಿ. ನಮ್ಮಣ್ಣನ್ ನಂಬಿ ಗಾಡೀಲ್ ಹೇಳಿದ್ದದು.” ಇನ್ನೂ ಜೋರಾಗಿ ನಕ್ಕರು. “ಏಳ್ ತಿಂಗ್ಳು ಕೂಸು ಎತ್ಕೊಂಡು ಹೊಸ್ತಿಲಾಚೆ ನಿಂತಿದ್ದೆ ನಾನು. ಗಂಡ ನೆಲ ನೋಡ್ದ.” ಗಂಡ ನೆಲ ನೋಡ್ದ ಎನ್ನುವುದಕ್ಕೆ ಹಿಂದಿನ ಸಾಲಿನಲ್ಲಿ ಶಿಳ್ಳೆ ಹೊಡೆದರು. “ಗುಡಿ ತಾವ ದನ ಬರಗಂಟ ಕಾದೆ. ಇವ್ನು ಬರ್ಲಿಲ್ಲ.” ಆ ಊರಿನ ಬಸ್ಸಿನಲ್ಲಿ ಬಂದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. “ಸೂಪರ್ ಅಜ್ಜಿ, ಸೂಪರ್!” ಎಂದು ಜಗನ್ ಕಣ್ಣೊರೆಸಿಕೊಂಡ.

ಆ ಸಭೆಯಲ್ಲಿ ಅವಳು ಹೇಳುತ್ತಿರುವುದು ನಿಜ ಎಂದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಮಾವ. ನಾನು ನಗಬೇಡ್ರೀ ಎಂದು ಕಿರುಚಿದೆ, ಮೈಕಿಲ್ಲದ ನನ್ನ ದನಿ ಯಾರಿಗೆ ಕೇಳುತ್ತದೆ? ಮಾವ ಒಂದು ಕೈ ಎತ್ತಿದ್ದರೆ ಸಾಕಿತ್ತು, ಅವನ ಮಾತಿಗೆ ಆ ಸಭೆ ನಿಲ್ಲುತ್ತಿತ್ತು. ಅವನು ಎರಡೂ ಕೈ ಎತ್ತಿದ, ಜನಕ್ಕೆ ಮುಗಿದ. ಅಮ್ಮ ಮೈಕನ್ನು ಅವನ ಕೈಗೆ ಕೊಟ್ಟು ಕೆಳಗಿಳಿದಳು. ಅವಳಿಗೂ ಒಂದು ಶಾಲು ತಂದು ಹೊದಿಸಿದರು.

ಮಾರನೆಯ ಬೆಳಗ್ಗೆ ಮಾವ ನಮ್ಮ ಮನೆಗೆ ಬಂದ. ಒಂದು ಪೊಟ್ಟಣ ಮೈಸೂರುಪಾಕು ತಂದಿದ್ದ. ಜಗುಲಿಯ ಮೇಲೆ ಕೂತು, “ಜನ ನನಗಿಂತ ನಿನ್ನೇ ಮೆಚ್ಕೊಂಡ್ರು ಕಣಮ್ಮಿ, ಎಲ್ರ ಫೋನಲ್ಲೂ ನೀನೇ ಅಂತೆ” ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

“ಅಣ್ಣ, ಅವತ್ತು ನೀನ್ ನನ್ ಗಂಡನ್ ಮನೆ ಕಳ್ದೆ, ನಾನೇನೂ ಅನ್ಲಿಲ್ಲ. ನನ್ ಹತ್ರ ಉಳ್ದಿದ್ದು ನನ್ ಬಾಯೊಂದು. ನಾನ್ ಅತ್ರೂ ಜನ ನಗಂಗೆ ಮಾಡ್ಬುಟ್ಯಲ್ಲೋ. ಇನ್ ನಾನ್ ಯಾರ್ ತಾವ ಹೋಗಿ ಅಳ್ಲಿ?”

ಮಾವನಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ, ಆದರೂ ನಕ್ಕ. ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಮಧ್ಯಾಹ್ನ ಅವನ ಮನೆಗೆ ಸಾರು ಹೋಗಲಿಲ್ಲ.